ಹೈದರಾಬಾದಿನಲ್ಲಿ ಎರಡು ರಾತ್ರಿ: ಫಲಕ್‌ನುಮಾನಾ, ಕೆರೆ ಪಕ್ಕದ ಹೋಟೆಲ್ಲಾ, ಹೈಟೆಕ್ ಸಿಟಿನಾ?

ಸೇಡಂ_ರೋಡ್:

ನಮಸ್ಕಾರ. ಕಲಬುರಗಿಯಿಂದ ಬರೆಯುತ್ತಿದ್ದೇನೆ. ಡಿಸೆಂಬರ್ ಎರಡನೇ ವಾರಕ್ಕೆ ನಮ್ಮ ಮದುವೆಯಾಗಿ 25 ವರ್ಷ ತುಂಬುತ್ತೆ. ಮಗಳು ಹಠ ಹಿಡಿದಿದ್ದಾಳೆ, ಈ ಸಲ ಅಮ್ಮನನ್ನು ಒಂದು ದೊಡ್ಡ ಹೋಟೆಲ್ಲಿಗೆ ಕರೆದುಕೊಂಡು ಹೋಗಲೇಬೇಕು ಅಂತ. ಶುಕ್ರವಾರ ಹೋಗಿ ಭಾನುವಾರ ವಾಪಸ್, ನಾವಿಬ್ಬರೇ.

ಹೈದರಾಬಾದ್ ನಮಗೆ ಹೊಸದೇನಲ್ಲ. ಅಪ್ಪನ ಆಪರೇಷನ್, ತಂಗಿ ಮದುವೆ ಸೀರೆ, ಮಗಳ ಪರೀಕ್ಷೆ, ಹೀಗೆ ಇಪ್ಪತ್ತು ಸಲ ಹೋಗಿದ್ದೇವೆ. ಆದರೆ ಪ್ರತಿ ಸಲ ನಾಂಪಲ್ಲಿ ಸ್ಟೇಷನ್ ಹತ್ತಿರದ ಲಾಡ್ಜು, ಬಕೆಟ್ಟಿನಲ್ಲಿ ಸ್ನಾನ, ಕೆಲಸ ಮುಗಿದ ತಕ್ಷಣ ಬಸ್ಸು. ಸುಮ್ನೆ ಇರೋಕೆ ಅಂತ ಒಂದು ದಿನವೂ ಹೋಗಿಲ್ಲ. ಹಾಗಾಗಿ ಸ್ಟಾರ್ ಹೋಟೆಲ್ ಬಗ್ಗೆ ನನಗೆ ಏನೂ ಗೊತ್ತಿಲ್ಲ ಅಂತಲೇ ತಿಳಿದುಕೊಂಡು ಹೇಳಿ.

ರೂಮಿಗೆ ಎರಡು ರಾತ್ರಿ ಸೇರಿ 30,000 ರೂಪಾಯಿ ಎತ್ತಿಟ್ಟಿದ್ದೇನೆ, ಟ್ಯಾಕ್ಸ್ ಎಲ್ಲಾ ಅದರಲ್ಲೇ ಬರಬೇಕು. ಮೊಬೈಲಿನಲ್ಲಿ ನೋಡ್ತಾ ಕೂತರೆ ಎಲ್ಲಾ ಫೋಟೋ ಒಂದೇ ಥರ: ಬಿಳಿ ಹಾಸಿಗೆ, ಅದರ ಮೇಲೆ ಟವೆಲ್ಲಿನ ಹಂಸ. ಮಗಳು ಹೈಟೆಕ್ ಸಿಟಿ ಅಂತಾಳೆ, ನನ್ನ ಗೆಳೆಯ ಬಂಜಾರಾ ಹಿಲ್ಸ್ ಅಂತಾನೆ, ಮನೆಯವರು ಏನೂ ಹೇಳುತ್ತಿಲ್ಲ. ಯಾರಾದರೂ ಉಳಿದು ಬಂದವರು ಹೇಳಿ.

ಭೀಮಾತೀರ:

ಮೊದಲು ಒಂದು ಹೇಳಿ, ಹೋಟೆಲ್ ನೋಡೋಕೆ ಹೋಗ್ತೀರೋ ಊರು ನೋಡೋಕೋ? ಇದು ತೀರ್ಮಾನ ಆಗದೆ ಹೋಟೆಲ್ ಆರಿಸಿದರೆ ನಾಳೆ ಟ್ಯಾಕ್ಸಿಯಲ್ಲೇ ಕೂತಿರ್ತೀರಿ. ಹೈಟೆಕ್ ಸಿಟಿ ಕಡೆ ಹೋಟೆಲ್ ಚೆನ್ನಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಅಲ್ಲಿ ವಾರದ ದಿನ ಕಂಪನಿಯವರು ತುಂಬಿರ್ತಾರೆ, ಶನಿವಾರ ಭಾನುವಾರ ಖಾಲಿ, ಅದಕ್ಕೇ ಎಷ್ಟೋ ಸಲ ರೇಟು ಇಳಿದಿರುತ್ತೆ. ಆದರೆ ಅಲ್ಲಿಂದ ಚಾರ್‌ಮಿನಾರ್ ಕಡೆ ಹೋಗಬೇಕು ಅಂದರೆ ಊರಿನ ಈ ತುದಿಯಿಂದ ಆ ತುದಿ. ಸಂಜೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಅಷ್ಟೊತ್ತಿಗೆ ನೀವು ಕಲಬುರಗಿಯಿಂದ ಹುಮನಾಬಾದ್ ಮುಟ್ಟಿರ್ತೀರಿ. ಮಾಲು, ಕೇಬಲ್ ಬ್ರಿಜ್ಜು, ದುರ್ಗಂ ಚೆರುವು ಇಷ್ಟೇ ಸಾಕು ಅಂದರೆ ಅಲ್ಲೇ ಇರಿ. ಕೊಹೆನೂರ್ ಹೋಟೆಲ್ ಆ ಕೆರೆ ಪಕ್ಕದಲ್ಲೇ ಇದೆ, ರೂಮಿನಿಂದ ನೀರೂ ಸೇತುವೆ ದೀಪವೂ ಕಾಣುತ್ತೆ.

ಬಿದ್ರಿ_ಅಕ್ಕ:

ಅಣ್ಣಾ, ಮೊದಲು ಅಭಿನಂದನೆ.

ನೀವು ಹೆಡ್ಡಿಂಗಿನಲ್ಲಿ ಫಲಕ್‌ನುಮಾ ಬರೆದು ಒಳಗೆ ಆ ಅರಮನೆ ಹೋಟೆಲ್ಲಿನ ಮಾತೇ ಎತ್ತಿಲ್ಲ, ರೇಟು ನೋಡಿ ಗಾಬರಿ ಆಗಿರಬೇಕು ಅಲ್ವಾ? ನಾವೂ ಆಗಿದ್ದೆವು. ಆ ದುಡ್ಡಿನಲ್ಲಿ ಅಲ್ಲಿ ಒಂದು ರಾತ್ರಿಯೂ ಕಷ್ಟ. ಆದರೆ ಉಳಿಯದೆಯೂ ಒಳಗೆ ಹೋಗಬಹುದು, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಮಧ್ಯಾಹ್ನದ ಹೈ ಟೀಗೆ ಮುಂಚೆನೇ ಫೋನ್ ಮಾಡಿ ಬುಕ್ ಮಾಡಬೇಕು. ಬುಕಿಂಗ್ ಇಲ್ಲದೆ ಹೋದರೆ ಗೇಟಿನಲ್ಲೇ ತಡೀತಾರೆ. ನಮ್ಮ ಕಣ್ಣೆದುರೇ ಒಂದು ಕುಟುಂಬವನ್ನು ವಾಪಸ್ ಕಳಿಸಿದರು, ಪಾಪ, ಮಕ್ಕಳು ಹೊಸ ಬಟ್ಟೆ ಹಾಕಿಕೊಂಡಿದ್ದವು.

ಗೇಟಿನಿಂದ ಗುಡ್ಡದ ಮೇಲಕ್ಕೆ ಅವರದೇ ಗಾಡಿ. ಮೇಲೆ ನಿಂತು ತಿರುಗಿ ನೋಡಿದರೆ ಇಡೀ ಊರು ಕಾಲ ಕೆಳಗೆ. ಪಾಯ್ಗಾ ಮನೆತನದ ವಿಕಾರ್-ಉಲ್-ಉಮ್ರಾ 1884ರಲ್ಲಿ ಕಟ್ಟಿಸೋಕೆ ಶುರು ಮಾಡಿದ್ದು. ಆಮೇಲೆ ಅದು ಆರನೇ ನಿಜಾಮ ಮಹಬೂಬ್ ಅಲಿ ಖಾನರ ಕೈಗೆ ಬಂತು. ಬಹಳ ವರ್ಷ ಬೀಗ ಬಿದ್ದಿತ್ತು, ತಾಜ್‌ನವರು ದುರಸ್ತಿ ಮಾಡಿಸಿ 2010ರಲ್ಲಿ ಹೋಟೆಲ್ ಅಂತ ತೆರೆದರು. ಊಟದ ಕೋಣೆಯಲ್ಲಿ ಒಂದೇ ಮೇಜು, 101 ಜನ ಒಟ್ಟಿಗೆ ಕೂರಬಹುದು. ನಾನು ಆ ತುದಿಯಿಂದ ಈ ತುದಿಗೆ ನೋಡಿ, ಇಲ್ಲಿ ಉಪ್ಪು ಬೇಕಾದರೆ ಯಾರನ್ನು ಕೇಳೋದು ಅಂದೆ, ನಮ್ಮೆಜಮಾನರು ಎಲ್ಲರ ಮುಂದೆ ಜೋರಾಗಿ ನಕ್ಕುಬಿಟ್ಟರು.

ಹೈ ಟೀ ಅಂದರೆ ಬರೀ ಚಹಾ ಅಲ್ಲ, ಮೂರು ಅಂತಸ್ತಿನ ತಟ್ಟೆಯಲ್ಲಿ ತಿಂಡಿ ಜೋಡಿಸಿ ತರ್ತಾರೆ. ಸಸ್ಯಾಹಾರ ಬೇಕಾದರೆ ಬುಕ್ ಮಾಡುವಾಗಲೇ ಹೇಳಿ. ದುಬಾರಿನೇ, ಆದರೆ ರೂಮಿನ ಬೆಲೆಗೆ ಹೋಲಿಸಿದರೆ ಏನೂ ಅಲ್ಲ.

ಇನ್ನೊಂದು, ನೀವು ಶುಕ್ರವಾರ ಹೋಗ್ತೀರಿ. ಸಾಲಾರ್‌ಜಂಗ್ ಮ್ಯೂಸಿಯಂಗೂ ಚೌಮಹಲ್ಲಾ ಅರಮನೆಗೂ ಶುಕ್ರವಾರವೇ ರಜೆ. ಅವೆರಡನ್ನೂ ಶನಿವಾರಕ್ಕೆ ಇಟ್ಟುಕೊಳ್ಳಿ. ಸಾಲಾರ್‌ಜಂಗ್‌ನಲ್ಲಿ ನಮ್ಮ ಬಿದ್ರಿ ಸಾಮಾನಿನ ದೊಡ್ಡ ಸಂಗ್ರಹವೇ ಇದೆ, ಹುಕ್ಕಾ, ಪಾನ್‌ದಾನ್ ಎಲ್ಲಾ. ನಾನು ಹುಟ್ಟಿದ್ದು ಬೀದರ್, ಅಷ್ಟು ಹಳೆ ಬಿದ್ರಿ ನೋಡಿದ್ದು ಮಾತ್ರ ಹೈದರಾಬಾದಿನಲ್ಲಿ. ಸಿಟ್ಟು ಬಂತು ಸ್ವಲ್ಪ.

ಶಹಾಬಾದ್_ಕಲ್ಲು:

ಅಕ್ಕ ಹೇಳಿದ್ದು ಸರಿ, ಟೀಗೆ ಅಲ್ಲಿ ಹೋಗಿ, ಮಲಗೋಕೆ ಹುಸೇನ್ ಸಾಗರ್ ಕಡೆ ಇರಿ. ಟ್ಯಾಂಕ್ ಬಂಡ್ ಮೇಲೆ ಮ್ಯಾರಿಯಟ್ ಇದೆ, ಸೋಮಾಜಿಗುಡ ಕಡೆ ದಿ ಪಾರ್ಕ್ ಇದೆ. ಎರಡರಲ್ಲೂ ಕೆರೆ ಕಾಣೋ ರೂಮುಗಳಿವೆ. ಹಳೇ ಊರಿಗೂ ಹೊಸ ಊರಿಗೂ ಮಧ್ಯ, ಟ್ರೇನಿಗೆ ಹೋದರೆ ನಾಂಪಲ್ಲಿಯಿಂದಲೂ ಹತ್ತಿರ.

ಆದರೆ ನನ್ನ ಕಥೆ ಕೇಳಿಬಿಡಿ. ಹೋಟೆಲ್ ಹೆಸರು ಬೇಡ. ಎರಡು ವರ್ಷದ ಹಿಂದೆ ಲೇಕ್ ವ್ಯೂ ಅಂತ ಜಾಸ್ತಿ ದುಡ್ಡು ಕೊಟ್ಟು ಬುಕ್ ಮಾಡಿದ್ದೆ. ರೂಮಿಗೆ ಹೋಗಿ ಪರದೆ ಸರಿಸಿದರೆ ಎದುರಿಗೆ ನೀರಿನ ಟ್ಯಾಂಕಿ, ಏಸಿ ಯಂತ್ರದ ಸಾಲು, ಅದರ ಸಂದಿಯಲ್ಲಿ ಎಡಗಡೆ ಬಗ್ಗಿ ನೋಡಿದರೆ ಒಂದು ಕರವಸ್ತ್ರದಷ್ಟು ಕೆರೆ. ಕೆರೆ ನಡುವಿನ ಬುದ್ಧನ ತಲೆಯೂ ಕಾಣಲಿಲ್ಲ. ಕೆಳಗೆ ಕೇಳಿದರೆ, ಸರ್ ಇದು ಪಾರ್ಷಿಯಲ್ ಲೇಕ್ ವ್ಯೂ ಅಂದರು. ಬುಕಿಂಗ್ ಚೀಟಿ ತೆಗೆದು ನೋಡಿದೆ, ಹೌದು, ಆ ಪದ ಇತ್ತು, ಸಣ್ಣ ಅಕ್ಷರದಲ್ಲಿ. ಅದು ಸಾಲದು ಅಂತ ಕೆಳಗಿನ ಹಾಲಿನಲ್ಲಿ ಮದುವೆ. ರಾತ್ರಿ ಒಂದು ಗಂಟೆವರೆಗೆ ಬ್ಯಾಂಡು. ನನ್ನ ಹೆಂಡತಿ ಹಾಸಿಗೆ ಮೇಲೆ ಕೂತು, ನಮ್ಮ ಓಣಿಯಲ್ಲಾದರೆ ಬೈದು ನಿಲ್ಲಿಸಬಹುದಿತ್ತು ಅಂದಳು.

ಡಿಸೆಂಬರ್ ಎರಡನೇ ವಾರ ಅಂದರೆ ಮದುವೆ ಇನ್ನೂ ಮುಗಿದಿರಲ್ಲ. ಆ ದಿನ ಫಂಕ್ಷನ್ ಇದೆಯಾ ಅಂತ ಕೇಳಿ, ಇದ್ದರೆ ಹಾಲಿನಿಂದ ದೂರ, ಮೇಲಿನ ಮಹಡಿ ಕೇಳಿ.

ಸೇಡಂ_ರೋಡ್:

ಎಲ್ಲರಿಗೂ ಥ್ಯಾಂಕ್ಸ್. ಫಲಕ್‌ನುಮಾ ಟೀ ವಿಷಯ ಗೊತ್ತೇ ಇರಲಿಲ್ಲ ಅಕ್ಕಾ, ಅದು ಪಕ್ಕಾ.

ರಾತ್ರಿ ಊಟ ಆದ ಮೇಲೆ ಇದನ್ನೆಲ್ಲಾ ಮನೆಯವರಿಗೆ ಓದಿ ಹೇಳಿದೆ. ಅರಮನೆ, ಕೆರೆ, ಮಾಲು ಎಲ್ಲಾ ಕೇಳಿಸಿಕೊಂಡು, ಪಾತ್ರೆ ಒರೆಸ್ತಾ ಒಂದೇ ಮಾತು ಕೇಳಿದರು: ಟಬ್ ಇರುತ್ತಾ? ಯಾವ ಟಬ್ಬು ಅಂದೆ. ಸಿನಿಮಾದಲ್ಲಿ ಬರುತ್ತಲ್ಲ, ನೊರೆ ತುಂಬಿ, ಕುತ್ತಿಗೆವರೆಗೆ ಮುಳುಗಿ ಮಲಗೋದು, ಅದು.

25 ವರ್ಷದಲ್ಲಿ ಇದನ್ನು ಒಂದು ಸಲವೂ ಹೇಳಿರಲಿಲ್ಲ. ನಮ್ಮ ಓಣಿಗೆ ನೀರು ಬರೋದು ನಾಲ್ಕು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡ. ಬಂದ ದಿನ ಬೆಳಗ್ಗೆ ನಾಲ್ಕಕ್ಕೆ ಎದ್ದು ಡ್ರಮ್ಮು, ಕೊಡ, ಕುಕ್ಕರು, ಕೊನೆಗೆ ಪೂರಿ ಕರಿಯೋ ಬಾಣಲೆ ಕೂಡ ತುಂಬಿಸಿಡೋದು ಅವರೇ. ಈಗ ನನಗೆ ಕೆರೆ ಕಾಣದಿದ್ದರೂ ಪರವಾಗಿಲ್ಲ, ಟಬ್ ಇರೋ ರೂಮೇ ಬೇಕು. ದೊಡ್ಡ ಹೋಟೆಲ್ ಅಂದರೆ ಎಲ್ಲಾ ಕಡೆ ಇದ್ದೇ ಇರುತ್ತೆ ಅಲ್ವಾ?

ಚಿತ್ತಾಪುರ_ಹುಡುಗ:

ಇಲ್ಲ ಕಾಕಾ, ಇರಲ್ಲ. ನಾನು ಹೈದರಾಬಾದಿನಲ್ಲೇ ಒಂದು ಹೋಟೆಲ್ಲಿನ ಫ್ರಂಟ್ ಆಫೀಸಿನಲ್ಲಿ ಇದ್ದೇನೆ, ಯಾವುದು ಅಂತ ಕೇಳಬೇಡಿ. ಈಗ ಹೊಸದಾಗಿ ಕಟ್ಟೋ ಹೋಟೆಲ್‌ಗಳಲ್ಲಿ, ನವೀಕರಣ ಮಾಡಿದ ಕಡೆಯೂ, ಮಾಮೂಲಿ ರೂಮಿನ ಟಬ್ ತೆಗೆದು ಗಾಜಿನ ಶವರ್ ಹಾಕ್ತಿದ್ದಾರೆ. ಜಾಗ ಉಳಿಯುತ್ತೆ, ನೀರು ಉಳಿಯುತ್ತೆ, ವಯಸ್ಸಾದವರು ಜಾರಿ ಬೀಳೋ ಭಯವೂ ಇಲ್ಲ. ಒಂದೇ ಹೋಟೆಲ್ಲಿನಲ್ಲಿ, ಒಂದೇ ರೇಟಿನಲ್ಲಿ, ಒಂದು ರೂಮಿಗೆ ಟಬ್ ಇರುತ್ತೆ, ಪಕ್ಕದ್ದಕ್ಕೆ ಇರಲ್ಲ. ಹಾಗಾಗಿ ಆ್ಯಪ್‌ನಲ್ಲಿ ಫೋಟೋ ನೋಡಿ ನಂಬಬೇಡಿ. ಹೋಟೆಲ್ಲಿಗೇ ಫೋನ್ ಮಾಡಿ, ರಿಸರ್ವೇಷನ್‌ನವರನ್ನು ಕೇಳಿ, ಯಾವ ಕೆಟಗರಿಯಲ್ಲಿ ಟಬ್ ಖಾತ್ರಿ ಅಂತ. ಹೇಳಿದ್ದನ್ನು ಇಮೇಲಿನಲ್ಲಿ ಹಾಕಿಸಿಕೊಳ್ಳಿ. 25ನೇ ವಾರ್ಷಿಕೋತ್ಸವ ಅಂತಲೂ ಹೇಳಿ, ನಾಚಿಕೆ ಬೇಡ. ಕೇಕೋ ಹೂವೋ ಇಡ್ತೇವೆ, ರೂಮು ಖಾಲಿ ಇದ್ದರೆ ಒಂದು ಮೆಟ್ಟಿಲು ಮೇಲಿನದು ಕೊಟ್ಟದ್ದೂ ಇದೆ. ಹೇಳದವರಿಗೆ ನಾವಾಗಿ ಹೇಗೆ ಕೊಡೋದು?

ದುಡ್ಡಿನ ಲೆಕ್ಕ ಹೇಳಿಬಿಡ್ತೇನೆ, ಇಲ್ಲೇ ಎಲ್ಲರೂ ಎಡವೋದು. ರೂಮಿನ ಬೆಲೆ ದಿನಕ್ಕೆ 7,500 ರೂಪಾಯಿ ದಾಟಿದರೆ ಜಿಎಸ್‌ಟಿ 18 ಪರ್ಸೆಂಟ್. 7,500ರ ಒಳಗಿದ್ದರೆ 5 ಪರ್ಸೆಂಟ್, ಇದು 2025ರ ಸೆಪ್ಟೆಂಬರ್ 22ರಿಂದ, ಅದಕ್ಕೂ ಮುಂಚೆ 12 ಇತ್ತು. ಅಂದರೆ 7,500ರ ರೂಮು ಕೈಗೆ 7,875ಕ್ಕೆ ಬರುತ್ತೆ, 8,000ದ್ದು 9,440 ಆಗುತ್ತೆ. ಐನೂರು ರೂಪಾಯಿ ವ್ಯತ್ಯಾಸ ಅಂದುಕೊಂಡರೆ ಒಂದೂವರೆ ಸಾವಿರ ಹೋಯಿತು. ನಿಮ್ಮ 30,000ಕ್ಕೆ ದಿನಕ್ಕೆ 12,700ರ ಒಳಗಿನ ರೂಮು ನೋಡಿ, ಅದಕ್ಕಿಂತ ಮೇಲೆ ಹೋದರೆ ಟ್ಯಾಕ್ಸ್ ಸೇರಿ ಮೀರುತ್ತೆ.

ಬೆಳಗಿನ ತಿಂಡಿ ಸೇರಿದ ರೇಟೇ ತಗೊಳ್ಳಿ. ತಿಂಡಿ ಇಲ್ಲದ ರೇಟು ಅಗ್ಗ ಕಾಣುತ್ತೆ, ಆಮೇಲೆ ಇಬ್ಬರು ಬಫೆಗೆ ಕೂತರೆ ಆ ಉಳಿತಾಯ ಅಲ್ಲೇ ಮುಗಿಯುತ್ತೆ, ಇಂಥ ಹೋಟೆಲ್ ಒಳಗಿನ ಊಟಕ್ಕೂ 18 ಪರ್ಸೆಂಟ್ ಜಿಎಸ್‌ಟಿ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಅಂತ ಬೇರೆ ಸೇರಿಸಿದ್ದರೆ ತೆಗೆಯಿರಿ ಅಂತ ಹೇಳಬಹುದು, ಕಡ್ಡಾಯ ಮಾಡುವಂತಿಲ್ಲ ಅಂತ 2025ರಲ್ಲಿ ದೆಹಲಿ ಹೈಕೋರ್ಟೂ ಹೇಳಿದೆ. ನಾನು ಹೇಳಿದೆ ಅಂತ ಹೇಳಬೇಡಿ ಅಷ್ಟೇ.

ಚೆಕ್-ಇನ್ ಹೊತ್ತಿಗೆ ಸ್ವಲ್ಪ ದುಡ್ಡು ಕಾರ್ಡಿನಲ್ಲಿ ತಡೆದಿಡ್ತಾರೆ, ಖರ್ಚು ಆಗದಿದ್ದರೆ ಬಿಡುಗಡೆ ಆಗುತ್ತೆ, ಆದರೆ ಖಾತೆಗೆ ಬರೋಕೆ ಕೆಲವು ದಿನ ಹಿಡಿಯುತ್ತೆ. ಡೆಬಿಟ್ ಕಾರ್ಡ್ ಆದರೆ ಅಲ್ಲಿವರೆಗೆ ಆ ದುಡ್ಡು ನಿಮ್ಮದಲ್ಲ ಅಂತಲೇ ತಿಳಿಯಿರಿ. ಇಬ್ಬರ ಆಧಾರೂ ಇರಲಿ. ರೂಮು ಸಿಗೋದು ಮಧ್ಯಾಹ್ನ ಎರಡು ಅಥವಾ ಮೂರಕ್ಕೆ. ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ಸಿಗೆ ಬಂದರೆ ಮಧ್ಯಾಹ್ನದ ಹೊತ್ತಿಗೆ ನಾಂಪಲ್ಲಿ, ಸರಿಯಾಗಿ ಹೊಂದುತ್ತೆ. ಬೇಗ ಬಂದರೂ ಬ್ಯಾಗು ನಮ್ಮ ಹತ್ತಿರ ಇಟ್ಟು ಹೋಗಬಹುದು, ಅದಕ್ಕೆ ದುಡ್ಡಿಲ್ಲ.

ಭೀಮಾತೀರ:

ಟಬ್ ಮಾತು ಮೊದಲೇ ಹೇಳಿದ್ದರೆ ನಾನು ಕೇಬಲ್ ಬ್ರಿಜ್ಜು ಅಂತ ಇಷ್ಟು ಬರೆಯುತ್ತಲೇ ಇರಲಿಲ್ಲ 😄

ಕಾರಿಗೆ ಹೋಗೋದಾದರೆ ಹುಮನಾಬಾದ್, ಜಹೀರಾಬಾದ್, ಸಂಗಾರೆಡ್ಡಿ ಮೇಲೆ ಹೋಗಿ, ಆ ಹೈವೇ ಚೆನ್ನಾಗಿದೆ. ಆದರೆ ಇಬ್ಬರೇ ಅಂದರೆ ಟ್ರೇನೇ ಸುಖ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಬೇಡಿ, ಅವತ್ತು ಒಂದು ದಿನವಾದರೂ ಅಕ್ಕನಿಗೆ ಒಲೆ ಮುಂದೆ ನಿಲ್ಲೋದು ತಪ್ಪಲಿ.

ಬಿದ್ರಿ_ಅಕ್ಕ:

ರೊಟ್ಟಿ ಕಟ್ಟಿಕೊಂಡೇ ಹೋಗ್ತಾರೆ, ನೀವು ನೋಡ್ತಾ ಇರಿ. ನಮ್ಮ ಕಡೆ ಹೆಂಗಸರಿಗೆ ಅದು ಇಲ್ಲದಿದ್ದರೆ ಪ್ರಯಾಣವೇ ಅಲ್ಲ.

ಸೇಡಂ_ರೋಡ್:

ಬುಕ್ ಆಯಿತು! ಹುಸೇನ್ ಸಾಗರ್ ಕಡೆಯದೇ. ಮೂರು ಹೋಟೆಲ್ಲಿಗೆ ಫೋನ್ ಮಾಡಿದೆ. ಒಂದರಲ್ಲಿ ಟಬ್ ಸೂಟ್‌ಗೆ ಮಾತ್ರ ಅಂದರು. ಇನ್ನೊಂದರಲ್ಲಿ ಆ ಹುಡುಗಿಗೆ ಟಬ್ ಅನ್ನೋದು ಅರ್ಥವೇ ಆಗಲಿಲ್ಲ, ಬಕೆಟ್ ಬೇಕಾ ಸರ್ ಅಂತ ಕೇಳಿದಳು, ನನ್ನ ಹಿಂದಿಯ ತಪ್ಪೂ ಇರಬಹುದು. ಮೂರನೆಯವರು ಇಮೇಲಿನಲ್ಲೇ ಬರೆದು ಕಳಿಸಿದರು. ದಿನಕ್ಕೆ 11,800, ಟ್ಯಾಕ್ಸ್ ಸೇರಿ 13,924, ಎರಡು ರಾತ್ರಿಗೆ 27,848, ತಿಂಡಿ ಅದರಲ್ಲೇ. ಕೆರೆ ಕಾಣೋ ರೂಮಿಗೆ ಇನ್ನೂ ಜಾಸ್ತಿ ಕೇಳಿದರು, ಬೇಡ ಅಂದೆ. ಕೆರೆ ನೋಡೋಕೆ ಟ್ಯಾಂಕ್ ಬಂಡ್ ಮೇಲೆ ನಡೆದರಾಯಿತು. ಶನಿವಾರ ಬೆಳಗ್ಗೆ ಸಾಲಾರ್‌ಜಂಗ್, ಮಧ್ಯಾಹ್ನ ಫಲಕ್‌ನುಮಾ ಟೀ.

ಒಂದು ಪ್ರಶ್ನೆ ಉಳಿದಿದೆ, ನನ್ನದಲ್ಲ, ಮನೆಯವರದು. ಆ ಟಬ್ ಎಷ್ಟು ನೀರು ಹಿಡಿಯುತ್ತೆ?

ಚಿತ್ತಾಪುರ_ಹುಡುಗ:

ನಿಮ್ಮ ಮನೆ ಪ್ಲಾಸ್ಟಿಕ್ ಡ್ರಮ್ ಇರುತ್ತಲ್ಲ ಕಾಕಾ, ಹೆಚ್ಚುಕಡಿಮೆ ಅಷ್ಟು. ಕಾಕು ಮಲಗಿದರೆ ನೀರು ತಾನಾಗಿ ಮೇಲೆ ಬರುತ್ತೆ, ಪೂರ್ತಿ ತುಂಬಿಸೋದು ಬೇಡ. ಇಳಿಯುವಾಗ ಗೋಡೆಯ ಹಿಡಿ ಹಿಡಿದುಕೊಳ್ಳೋಕೆ ಹೇಳಿ.

ಸೇಡಂ_ರೋಡ್:

ಹೇಳಿದೆ. ಒಂದು ಡ್ರಮ್ಮಾ ಅಂತ ಸ್ವಲ್ಪ ಹೊತ್ತು ಸುಮ್ಮನಾದರು. ಹಾಗಾದರೆ ದಿನಾ ಬೇಡ, ಶನಿವಾರ ರಾತ್ರಿ ಒಂದು ಸಲ ಸಾಕು ಅಂದರು. ಆಮೇಲೆ ಕ್ಯಾಲೆಂಡರ್ ಮುಂದೆ ನಿಂತು ಬೆರಳು ಎಣಿಸಿದರು. ನಾವು ಹೋಗೋ ಶುಕ್ರವಾರವೇ ಓಣಿಗೆ ನೀರು ಬಿಡೋ ದಿನ. ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಹೋಗಬೇಕಂತೆ.