ಅಪ್‌ಡೇಟ್: ಬ್ರೌನಿ ಇನ್ನು ನಮ್ಮಲ್ಲೇ ಇರ್ತಾನೆ

ಹೋದ ತಿಂಗಳು ಕೇಳಿದ್ದೆನಲ್ಲ, ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ನಿವಾಸಿಗಳೇ ಸೇರಿ ಕೊಂಡ ಮೊಬೈಲ್ ಹೋಮ್ ಪಾರ್ಕ್ (ಕಾರ್ಖಾನೆಯಲ್ಲಿ ಕಟ್ಟಿ ತಂದಿಟ್ಟ ಮನೆಗಳ ಬಡಾವಣೆ) ನಮ್ಮದು, ನಾಯಿ ಸಾಕಬಾರದು ಅಂತ ನಿಯಮ, ನನ್ನ ಪ್ಯಾನಿಕ್ ಅಟ್ಯಾಕ್‌ಗೆ ಆಸರೆಯಾಗಿರುವ ನನ್ನ ನಾಯಿ ಬ್ರೌನಿಯನ್ನು ಏನು ಮಾಡಲಿ ಅಂತ.

ಒಪ್ಪಿಗೆ ಸಿಕ್ಕಿತು! ನೀವು ಹೇಳಿದ ಹಾಗೇ ಫೇರ್ ಹೌಸಿಂಗ್ ಆ್ಯಕ್ಟ್ (ವಸತಿ ವಿಷಯದಲ್ಲಿ ತಾರತಮ್ಯ ತಡೆಯುವ ಅಮೆರಿಕದ ಕಾನೂನು) ಪ್ರಕಾರ ವಿನಾಯಿತಿ ಕೇಳಿ ಬೋರ್ಡಿಗೆ, ಅಂದರೆ ಪಾರ್ಕಿನ ಆಡಳಿತ ಮಂಡಳಿಗೆ, ಬರೆದೆ. 1988ರ ತಿದ್ದುಪಡಿಯಲ್ಲಿ ಅಂಗವೈಕಲ್ಯ (ಮಾನಸಿಕ ತೊಂದರೆಯೂ ಸೇರಿ) ಇರುವವರಿಗೂ ಅದರ ರಕ್ಷಣೆ ಬಂತು. ಜೊತೆಗೆ ಬ್ರೌನಿ ನನಗೆ ಬೇಕು ಅನ್ನುವ ನನ್ನ ಥೆರಪಿಸ್ಟ್ ಪತ್ರ ಇಟ್ಟೆ. ಆನ್‌ಲೈನ್‌ನಲ್ಲಿ ದುಡ್ಡಿಗೆ ಸಿಗುವ, ನಾಯಿ ಆಸರೆಗೆ ಬೇಕು ಅನ್ನೋ ಸರ್ಟಿಫಿಕೇಟ್ ಸುಮ್ನೆ ದಂಡ, ತಗೋಬೇಡಿ.

ಬೋರ್ಡಿನವರು ಮೊದಲು "ಜಾಗ ನಮ್ಮದೇ, ನಿಯಮವೂ ನಮ್ಮದೇ" ಅಂದರು. ಮಾಲೀಕರು ನಾವೇ ಆದರೂ ಕಾನೂನು ನಮಗೂ ಒಂದೇ ಅಲ್ವಾ? ಕೊನೆಗೆ ಪೆಟ್ ಡಿಪಾಸಿಟ್ (ಸಾಕುಪ್ರಾಣಿಗಾಗಿ ಇಡುವ ಠೇವಣಿ) ಕೂಡ ಬೇಡ ಅಂದರು. ಬ್ರೌನಿ ಏನಾದರೂ ಹಾಳು ಮಾಡಿದರೆ ಖರ್ಚು ನನ್ನದು.

ಇದನ್ನು ಬರೆಯುವಾಗ ಅವನು ನನ್ನ ಪಾದದ ಮೇಲೆ ಗದ್ದ ಊರಿ ಮಲಗಿದ್ದಾನೆ.