ಪದಚರ್ಚೆ: 'ಬದಲಿ ಗಾಯಕ' ಅಂದರೆ ಎಷ್ಟು ದಿನದ ಗಾಯಕ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ವಾರದಿಂದ ಒದ್ದಾಡುತ್ತಿದ್ದೇನೆ. ನಾನು ಬರೆದ ವಾಕ್ಯ ಹೀಗಿತ್ತು: "'98 ಲೈವ್ ಮೆಲ್ಟ್‌ಡೌನ್' ಜೂಡಾಸ್ ಪ್ರೀಸ್ಟ್ ತಂಡ ಬದಲಿ ಗಾಯಕನ ಜೊತೆ ಹೊರತಂದ ಲೈವ್ ಆಲ್ಬಮ್." ಬರೆಯುವಾಗ ಏನೂ ಅನ್ನಿಸಲಿಲ್ಲ. ಮಾರನೇ ದಿನ ಓದಿದಾಗ ಅನ್ನದಲ್ಲಿ ಕಲ್ಲು ಕಡಿದ ಹಾಗಾಯ್ತು. ಆ 'ಬದಲಿ'. ಬೇರೆ ಪದ ಹೊಳೆಯದೆ ಹಾಗೇ ಒಂದು ಪತ್ರಿಕೆಗೆ ಕಳಿಸಿಬಿಟ್ಟೆ. ಅಚ್ಚಾಗಿ ಬಂದಾಗ ನೋಡಿದರೆ ಅದು 'ಪರ್ಯಾಯ ಗಾಯಕ' ಆಗಿತ್ತು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಕಲ್ಲು ತೆಗೆದು ಗೋಲಿ ಇಟ್ಟ ಹಾಗೆ.

ಹೆವಿ ಮೆಟಲ್ ಕೇಳದವರಿಗೆ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಜೂಡಾಸ್ ಪ್ರೀಸ್ಟ್ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಡೆಯ ತಂಡ. ಅದರ ದನಿ ಅಂದರೆ ರಾಬ್ ಹಾಲ್ಫರ್ಡ್. 90ರ ದಶಕದ ಶುರುವಿನಲ್ಲಿ ಅವರು ತಂಡ ಬಿಟ್ಟರು. 1996ರಲ್ಲಿ ಅವರ ಜಾಗಕ್ಕೆ ಬಂದದ್ದು ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಊರಿನ ಟಿಮ್ ಓವೆನ್ಸ್. ನಮ್ಮ ಆರ್ಕೆಸ್ಟ್ರಾಗಳಲ್ಲಿ ಜೂನಿಯರ್ ರಾಜ್‌ಕುಮಾರ್, ಜೂನಿಯರ್ ವಿಷ್ಣುವರ್ಧನ್ ಅಂತ ಇರುತ್ತಾರಲ್ವಾ? ಓವೆನ್ಸ್ ಒಂಥರಾ ಜೂನಿಯರ್ ಹಾಲ್ಫರ್ಡ್. 'ಬ್ರಿಟಿಷ್ ಸ್ಟೀಲ್' ಅನ್ನೋ ತಂಡದಲ್ಲಿ ಬರೀ ಪ್ರೀಸ್ಟ್ ಹಾಡುಗಳನ್ನೇ ಹಾಡುತ್ತಿದ್ದರು. ಆ ತಂಡದ ಹೆಸರೇ ಪ್ರೀಸ್ಟ್‌ನ 1980ರ ಆಲ್ಬಮ್ಮಿನದು. ಅವರು ಹಾಡಿದ ವಿಡಿಯೊ ಟೇಪು ಅಸಲಿ ತಂಡದ ಕೈಗೆ ಸೇರಿತು, ಕರೆ ಬಂತು. 1997ರಲ್ಲಿ 'ಜಗ್ಯುಲೇಟರ್', ಮರುವರ್ಷ ಎರಡು ಸಿ.ಡಿ.ಗಳ 'ಲೈವ್ ಮೆಲ್ಟ್‌ಡೌನ್', 2001ರಲ್ಲಿ 'ಡೆಮಾಲಿಷನ್', 2003ರಲ್ಲಿ ಮತ್ತೊಂದು ಲೈವ್ ಆಲ್ಬಮ್ 'ಲೈವ್ ಇನ್ ಲಂಡನ್'. ಅದೇ 2003ರಲ್ಲಿ ಹಾಲ್ಫರ್ಡ್ ಮರಳಿ ಬಂದರು. ಓವೆನ್ಸ್ ಹೊರಟರು.

ಏಳು ವರ್ಷ, ನಾಲ್ಕು ಆಲ್ಬಮ್. ಇಂಥವರನ್ನು 'ಬದಲಿ' ಅನ್ನಬಹುದೇ ಅನ್ನೋದು ನನ್ನ ಪ್ರಶ್ನೆ.

ಕನ್ನಡದಲ್ಲಿ 'ಬದಲಿ' ಎಲ್ಲೆಲ್ಲಿ ಬರುತ್ತೆ ನೋಡಿ. ಬದಲಿ ಬಸ್ಸು: ನಮ್ಮ ಬಸ್ಸು ಕೆಟ್ಟು ನಿಂತಾಗ ಡಿಪೋದಿಂದ ಬರುವ ಬಸ್ಸು. ಬದಲಿ ರಸ್ತೆ: ಸೇತುವೆ ಕೆಲಸ ಮುಗಿಯೋವರೆಗೆ. ಬದಲಿ ಮೇಷ್ಟ್ರು: ನಮ್ಮ ಮೇಷ್ಟ್ರು ರಜೆ ಮುಗಿಸಿ ಬರೋವರೆಗೆ. ಎಲ್ಲ ಕಡೆಯೂ 'ಅಸಲಿ ಬರೋವರೆಗೆ' ಅನ್ನೋದು ಒಳಗೆ ಕೂತಿದೆ. ಯಾರೂ ಬಾಯಿಬಿಟ್ಟು ಹೇಳಲ್ಲ, ಆದರೆ ಕೇಳಿದವರಿಗೆ ತಿಳಿಯುತ್ತೆ. ಪದ ಅರಬಿಯ 'ಬದಲ್'ನಿಂದ ಬಂದದ್ದು. ಅಲ್ಲಿ ಅದಕ್ಕೆ ಒಂದರ ಸ್ಥಾನದಲ್ಲಿ ಇನ್ನೊಂದು ಅನ್ನೋದಷ್ಟೇ ಅರ್ಥ. ಈ ತಾತ್ಕಾಲಿಕದ ವಾಸನೆ ನಮ್ಮ ಬಳಕೆಯಲ್ಲಿ ಹತ್ತಿಕೊಂಡದ್ದು ಅಂತ ಕಾಣುತ್ತೆ. ತಮಾಷೆ ಏನಂದರೆ, 'ಬದಲಿ'ಗೆ 'ಗೆ' ಸೇರಿಸಿದ ತಕ್ಷಣ ಆ ವಾಸನೆ ಹೋಗಿಬಿಡುತ್ತೆ. "ಹಾಲ್ಫರ್ಡ್ ಬದಲಿಗೆ ಓವೆನ್ಸ್ ಬಂದರು" ಅಂದರೆ ಕಾಯಂ ಆಗಿಯೂ ಇರಬಹುದು. "ಬದಲಿ ಗಾಯಕ ಓವೆನ್ಸ್" ಅಂದರೆ ಎರಡು ದಿನಕ್ಕೆ ಬಂದ ಹಾಗೆ ಕೇಳುತ್ತೆ. ಧಾರವಾಡ ಕಡೆಯ ಗೆಳೆಯರೊಬ್ಬರಿಗೆ ವಾಕ್ಯ ಓದಿ ಹೇಳಿದೆ. "ಗಾಯಕಗ ಬದ್ಲಿ ಆತೇನು? ಯಾವ ಊರಿಗೆ?" ಅಂದರು. ಅವರಿಗೆ ಬದಲಿ ಅಂದರೆ ವರ್ಗಾವಣೆ.

ಈ ಗೊಂದಲ ಜಾಸ್ತಿ ಕಾಣೋದು ಕ್ರಿಕೆಟ್ ವರದಿಯಲ್ಲಿ. ಇಂಗ್ಲಿಷಿನವರ ಹತ್ತಿರ ಎರಡು ಪದ ಇವೆ: ಸಬ್‌ಸ್ಟಿಟ್ಯೂಟ್, ರಿಪ್ಲೇಸ್‌ಮೆಂಟ್. ಸಬ್‌ಸ್ಟಿಟ್ಯೂಟ್ ಆಗಿ ಮೈದಾನಕ್ಕೆ ಇಳಿದವನು ಫೀಲ್ಡಿಂಗ್ ಮಾಡಬಹುದು, ಬ್ಯಾಟು ಹಿಡಿಯೋ ಹಾಗಿಲ್ಲ, ಬೌಲಿಂಗ್ ಮಾಡೋ ಹಾಗಿಲ್ಲ. ಅದ್ಭುತ ಕ್ಯಾಚ್ ಹಿಡಿದರೂ ಸ್ಕೋರ್‌ಕಾರ್ಡಿನಲ್ಲಿ ಹೆಸರಿನ ಪಕ್ಕ 'ಸಬ್' ಅನ್ನೋ ಬಾಲ. ತಲೆಗೆ ಚೆಂಡು ಬಡಿದವನ ಜಾಗಕ್ಕೆ ಬರುವ ಆಟಗಾರ ಬೇರೆ. 2019ರಿಂದ ಟೆಸ್ಟ್ ಪಂದ್ಯದಲ್ಲೂ ಅವನು ಬ್ಯಾಟಿಂಗ್, ಬೌಲಿಂಗ್ ಎರಡೂ ಮಾಡಬಹುದು. ನಮ್ಮ ಪತ್ರಿಕೆಗಳಲ್ಲಿ ಇಬ್ಬರೂ 'ಬದಲಿ ಆಟಗಾರ'. ಹಾಗಾಗಿ 'ಬದಲಿ ಗಾಯಕ' ಅಂದಾಗ ಓದುಗರ ಕಣ್ಣಿಗೆ ಬರೋದು ಯಾರು, ಬೌಂಡರಿ ಹತ್ತಿರ ನಿಂತು ಚೆಂಡು ಹೆಕ್ಕೋನಾ, ಸೆಂಚುರಿ ಹೊಡೆಯೋನಾ?

ನಿಜವಾದ ಬದಲಿ ಗಾಯಕ ಹೇಗಿರುತ್ತಾರೆ ಅನ್ನೋದಕ್ಕೂ ಇದೇ ಕಥೆಯಲ್ಲಿ ಉದಾಹರಣೆ ಇದೆ. ಅದು ಓವೆನ್ಸ್ ಅಲ್ಲ, ಹಾಲ್ಫರ್ಡ್! 1992ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಕೋಸ್ಟಾ ಮೆಸಾದಲ್ಲಿ ಬ್ಲ್ಯಾಕ್ ಸಬತ್ ತಂಡ ತನ್ನ ಹಳೇ ಗಾಯಕ ಓಜಿ ಆಸ್ಬೋರ್ನ್ ಕಾರ್ಯಕ್ರಮಕ್ಕೆ ಮೊದಲು ಹಾಡಬೇಕಿತ್ತು. ಆಗ ಸಬತ್‌ನ ಗಾಯಕ ರಾನಿ ಜೇಮ್ಸ್ ಡಿಯೊ. ಓಜಿ ಎದುರು ನಾನು ಮುನ್ನುಡಿ ಹಾಡಲ್ಲ ಅಂತ ಅವರು ಹೊರನಡೆದರು. ಎರಡು ರಾತ್ರಿ ಹಾಲ್ಫರ್ಡ್ ಬಂದು ಹಾಡಿಕೊಟ್ಟರು. 2004ರಲ್ಲಿ ಮತ್ತೆ, ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ, ಅಷ್ಟರಲ್ಲಿ ಸಬತ್‌ಗೆ ಮರಳಿದ್ದ ಓಜಿಗೆ ಎದೆ ಕಟ್ಟಿ ಹಾಡಲಾಗದೆ ಹೋದಾಗ ಒಂದು ರಾತ್ರಿ. ಇದಕ್ಕೆ 'ಬದಲಿ' ಅಚ್ಚುಕಟ್ಟಾದ ಪದ. ಮೂರು ರಾತ್ರಿ ನಿಂತವರಿಗೂ ಏಳು ವರ್ಷ ದುಡಿದವರಿಗೂ ಒಂದೇ ಪದ ಅಂದರೆ ಹೇಗೆ?

ಈಗ ಪತ್ರಿಕೆಯವರ 'ಪರ್ಯಾಯ'. ಉಡುಪಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎಂಟು ಮಠ, ಒಂದೊಂದಕ್ಕೆ ಎರಡು ವರ್ಷ ಕೃಷ್ಣನ ಪೂಜೆಯ ಸರದಿ, ಹದಿನಾರು ವರ್ಷಕ್ಕೆ ಮತ್ತೆ ಅದೇ ಮಠ. ಪರ್ಯಾಯ ಅಂದರೆ ಅಲ್ಲಿ ಪಾಳಿ. ಬೆಂಗಳೂರಿನ ಪತ್ರಿಕೆ ಕನ್ನಡದಲ್ಲಿ ಅದು 'ಇನ್ನೊಂದು ಆಯ್ಕೆ' ಆಗಿದೆ: ಪರ್ಯಾಯ ಮಾರ್ಗ, ಪರ್ಯಾಯ ವ್ಯವಸ್ಥೆ. ಪರ್ಯಾಯ ಗಾಯಕ ಅಂದರೆ ಇಬ್ಬರೂ ಲಭ್ಯವಿದ್ದು ಬೇಕಾದವರನ್ನು ಆರಿಸಿಕೊಂಡ ಹಾಗೆ. ಅಥವಾ ಉಡುಪಿ ಲೆಕ್ಕದಲ್ಲಿ ಹಾಲ್ಫರ್ಡ್ ಪಾಳಿ ಮುಗೀತು, ಓವೆನ್ಸ್ ಪಾಳಿ, ಮತ್ತೆ ಹಾಲ್ಫರ್ಡ್. ಎರಡನೆಯದು ಆಮೇಲೆ ನಡೆದದ್ದಕ್ಕೆ ಹೊಂದುತ್ತೆ ಅನ್ನೋದೇನೋ ನಿಜ. ಆದರೆ 1998ರಲ್ಲಿ ಮೈಕ್ ಹಿಡಿದು ನಿಂತ ಮನುಷ್ಯನಿಗೆ ತನ್ನದು ಪಾಳಿ ಅಂತ ಯಾರೂ ಹೇಳಿರಲಿಲ್ಲ.

'ಹಂಗಾಮಿ' ಬೇಡವೇ ಬೇಡ. ಮುಂಗಾರು ಹಂಗಾಮು, ಹಿಂಗಾರು ಹಂಗಾಮು ಅನ್ನೋ ಹಂಗಾಮೇ ಇದು. ಹಂಗಾಮಿ ಸ್ಪೀಕರ್ ಪ್ರಮಾಣವಚನ ಬೋಧಿಸಿ ಕುರ್ಚಿ ಬಿಡುತ್ತಾರೆ. 'ಉತ್ತರಾಧಿಕಾರಿ' ಗಂಭೀರ ಪದ, ಆದರೆ ಅದಕ್ಕೆ ಮಠದ, ಸಿಂಹಾಸನದ ಭಾರ ಇದೆ. ಹಿಂದಿನವರು ಶಾಲು ಹೊದಿಸಿ ಕೂರಿಸಬೇಕು. ಹಿಂದಿನವರು ವಾಪಸ್ ಬಂದು "ಸ್ವಲ್ಪ ಎದ್ದೇಳಪ್ಪ" ಅನ್ನೋ ಹಾಗಿಲ್ಲ.

ಇಷ್ಟೆಲ್ಲ ಯೋಚಿಸುತ್ತಾ ಆಲ್ಬಮ್ ಮತ್ತೆ ಹಾಕಿ ಕೇಳಿದೆ. ಸ್ಟುಡಿಯೊ ಆಲ್ಬಮ್‌ನಲ್ಲಿ ಹೊಸ ಗಾಯಕ ಹೊಸ ಹಾಡು ಹಾಡುತ್ತಾರೆ, ಹೋಲಿಕೆ ಅಷ್ಟಾಗಿ ಚುಚ್ಚಲ್ಲ. ಲೈವ್ ಆಲ್ಬಮ್‌ನಲ್ಲಿ ಹಾಗಲ್ಲ. ಜನ ಬರೋದೇ ಹಳೇ ಹಾಡಿಗೆ. 'ಮೆಲ್ಟ್‌ಡೌನ್'ನಲ್ಲೂ ಹೆಚ್ಚಿನವು ಹಾಲ್ಫರ್ಡ್ ಹಾಡಿ ಜನಕ್ಕೆ ಬಾಯಿಪಾಠ ಆದವು. ಓವೆನ್ಸ್‌ಗೆ 'ರಿಪ್ಪರ್' ಅನ್ನೋ ಅಡ್ಡಹೆಸರು ಬಂದದ್ದೂ 1976ರ ಒಂದು ಪ್ರೀಸ್ಟ್ ಹಾಡಿನಿಂದ. ಆ ಹಾಡೂ ಈ ಆಲ್ಬಮ್‌ನಲ್ಲಿ ಇದೆ. ಅಂದರೆ ಬೇರೆಯವರ ಹಾಡಿನಿಂದ ಬಂದ ಹೆಸರು ಹೊತ್ತುಕೊಂಡು ಅದೇ ಹಾಡನ್ನು ಆ ಬೇರೆಯವರ ಜಾಗದಲ್ಲಿ ನಿಂತು ಹಾಡುತ್ತಿದ್ದಾರೆ. ಕೇಳಿ ನೋಡಿ, ಎತ್ತರದ ಸ್ವರಕ್ಕೆ ಹೋಗುವಾಗ ದನಿಯಲ್ಲಿ ಸಂಕೋಚ ಅನ್ನೋದೇ ಇಲ್ಲ. ಆಮೇಲೆ ತಗ್ಗಿಗೆ ಇಳಿದಾಗ ಒಂದು ಗೊರಗೊರ ಇದೆಯಲ್ಲ, ಅದು ಹಾಲ್ಫರ್ಡ್‌ದಲ್ಲ, ಓವೆನ್ಸ್‌ದೇ.

ಇನ್ನೊಂದು ಹಾಡು 'ವಿಕ್ಟಿಮ್ ಆಫ್ ಚೇಂಜಸ್'. ನನ್ನ ಪದದ ತಲೆನೋವು ಪೂರ್ತಿ ಕೈಮೀರಿದ್ದು ಇಲ್ಲಿ. ಇದು ಎರಡು ಹಾಡು ಬೆಸೆದು ಆದದ್ದು. ಒಂದು ತುಂಡು ಹಾಲ್ಫರ್ಡ್ ತಂದದ್ದು. ಇನ್ನೊಂದು ಅವರಿಗಿಂತ ಮೊದಲು ತಂಡದಲ್ಲಿದ್ದ ಅಲ್ ಆಟ್ಕಿನ್ಸ್ ಕಾಲದ್ದು. ಹೌದು, ಹಾಲ್ಫರ್ಡ್ ಕೂಡ ಮೊದಲಿಗರಲ್ಲ. 1973ರಲ್ಲಿ ಆಟ್ಕಿನ್ಸ್ ಬಿಟ್ಟ ಜಾಗಕ್ಕೆ ಬಂದವರು. ಹಾಗಾದರೆ ಓವೆನ್ಸ್ ಬದಲಿಯ ಬದಲಿಯೇ? ಹಾಲ್ಫರ್ಡ್ ಅವರನ್ನು ಬದಲಿ ಗಾಯಕ ಅಂತ ಬರೆದರೆ ಓದುಗರು ನನ್ನನ್ನು ಅಟ್ಟಿಸಿಕೊಂಡು ಬರುತ್ತಾರೆ.

ಐರನ್ ಮೇಡನ್ ಅನ್ನೋ ಇನ್ನೊಂದು ಮೆಟಲ್ ತಂಡದ ಗಾಯಕ ಬ್ರೂಸ್ ಡಿಕಿನ್ಸನ್ ಕೂಡ ಹಾಗೇ. 1981ರಲ್ಲಿ ಪಾಲ್ ಡಿಯಾನೊ ಜಾಗಕ್ಕೆ ಬಂದವರು. ಅವರ 1985ರ ಲೈವ್ ಆಲ್ಬಮ್‌ನಲ್ಲಿ ಡಿಯಾನೊ ಕಾಲದ ಹಾಡುಗಳು ಎಷ್ಟೊಂದಿವೆ. 2007ರ ಮಾರ್ಚಿನಲ್ಲಿ ಬೆಂಗಳೂರು ಅರಮನೆ ಮೈದಾನದಲ್ಲಿ ಆ ತಂಡ ಹಾಡಿದಾಗ ನಾನೂ ಧೂಳು ಕುಡಿದುಕೊಂಡು ನಿಂತಿದ್ದೆ. ಸುತ್ತ ಅಷ್ಟು ಸಾವಿರ ಜನ ಇದ್ದರು, ಒಬ್ಬರ ಬಾಯಲ್ಲೂ 'ಬದಲಿ' ಬರಲಿಲ್ಲ. ಅಂದರೆ ಗೆದ್ದವರ ಮೈಮೇಲಿಂದ ಈ ಪದ ಯಾವತ್ತೋ ಒಂದು ದಿನ ತಾನಾಗಿ ಉದುರಿಹೋಗುತ್ತೆ. ಓವೆನ್ಸ್ ಮೇಲೆ ಉಳೀತು. ಪ್ರೀಸ್ಟ್‌ನ 2009ರ ಲೈವ್ ಆಲ್ಬಮ್‌ನಲ್ಲಿ ಅವರ ಕಾಲದ ಹಾಡು ಒಂದೂ ಇಲ್ಲ. 2022ರಲ್ಲಿ ತಂಡಕ್ಕೆ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಾಗ ಹಳೇ ಡ್ರಮ್ಮರುಗಳ ಹೆಸರೂ ಇತ್ತು, ಓವೆನ್ಸ್ ಹೆಸರು ಇರಲಿಲ್ಲ. ಹಾಗಿರುವಾಗ ನಾನೂ 'ಬದಲಿ' ಅಂತ ಬರೆದರೆ ಅದೇ ಪಟ್ಟಿಗೆ ನನ್ನ ಸಹಿ ಹಾಕಿದ ಹಾಗೆ.

ಸದ್ಯಕ್ಕೆ ನನಗೆ ಒಪ್ಪಿಗೆ ಆಗಿರೋದು "ಜಾಗಕ್ಕೆ ಬಂದ" ಅನ್ನೋ ಮಾತು. ಅಪ್ಪ ತೀರಿಕೊಂಡ ಮೇಲೆ ಮಗನಿಗೆ ಕೆಲಸ ಸಿಕ್ಕರೆ "ಅಪ್ಪನ ಜಾಗಕ್ಕೆ ಬಂದ" ಅಂತೀವಿ. ಅದರಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಎಷ್ಟು ದಿನ ಅನ್ನೋ ಲೆಕ್ಕವೂ ಇಲ್ಲ. "ಜಾಗ ತುಂಬಿದ" ಅಂದರೆ ಬೇರೆ, ಅದು ತೀರ್ಪು. "ತುಂಬಲಾರದ ನಷ್ಟ" ಅಂತ ಶ್ರದ್ಧಾಂಜಲಿಯಲ್ಲಿ ಓದಿ ಓದಿ ನಮಗೆ ಆ ಕ್ರಿಯಾಪದವೇ ಭಾರ ಆಗಿದೆ. ಓವೆನ್ಸ್ ಜಾಗಕ್ಕೆ ಬಂದದ್ದು ನಿಜ. ತುಂಬಿದರೋ ಇಲ್ಲವೋ ಅಂತ ಅಭಿಮಾನಿಗಳು ಜಗಳ ಆಡಿಕೊಳ್ಳಲಿ.

ತೊಂದರೆ ಏನಂದರೆ ಇದು ಪದ ಅಲ್ಲ, ಮಾತಿನ ತುಂಡು. ಶೀರ್ಷಿಕೆಯಲ್ಲಿ ಕೂರಲ್ಲ. "ಹಾಲ್ಫರ್ಡ್ ಜಾಗಕ್ಕೆ ಬಂದ ಗಾಯಕನ ಲೈವ್ ಆಲ್ಬಮ್" ಅನ್ನೋದು ರೈಲುಗಾಡಿ. 'ಹೊಸ ಗಾಯಕ' ಚಿಕ್ಕದು, ಆದರೆ 2003ರ ಆಲ್ಬಮ್ ಹೊತ್ತಿಗೆ ಏಳು ವರ್ಷದ ಮನುಷ್ಯನನ್ನು ಹೊಸಬ ಅನ್ನೋದು ಹೇಗೆ? 'ಎರಡನೇ ಗಾಯಕ' ಅಂದರೆ ಆಟ್ಕಿನ್ಸ್ ಲೆಕ್ಕ ತಪ್ಪುತ್ತೆ, ಜೊತೆಗೆ ದರ್ಜೆಯಲ್ಲಿ ಎರಡನೆಯವರು ಅನ್ನೋ ಅರ್ಥವೂ ನುಸುಳುತ್ತೆ.

ಇದೇ ವಾಕ್ಯದ ಬಾಲಕ್ಕೆ ಇನ್ನೊಂದು ಸಣ್ಣ ಪ್ರಶ್ನೆ ಅಂಟಿಕೊಂಡಿದೆ: 'ಲೈವ್'. 'ನೇರ' ಅಂದರೆ ತಕ್ಷಣ ಪ್ರಸಾರ ನೆನಪಾಗುತ್ತೆ, ಇದು ಪ್ರಸಾರ ಅಲ್ಲ. 'ಸಜೀವ' ನಮ್ಮಲ್ಲಿ 'ದಹನ'ದ ಜೊತೆ ಬಿಟ್ಟರೆ ಒಂಟಿಯಾಗಿ ಓಡಾಡಲ್ಲ. 'ಕಚೇರಿ ಧ್ವನಿಮುದ್ರಿಕೆ' ಅಂದರೆ ತಂಬೂರಿ ಕೇಳಿಸುತ್ತೆ. ಹೆವಿ ಮೆಟಲ್ಲನ್ನು 'ಭಾರಲೋಹ' ಮಾಡಿದರೆ ಕೆರೆ ನೀರಿನ ಪರೀಕ್ಷೆಯ ವರದಿ ಆಗುತ್ತೆ. ಹಾಗಾಗಿ ಲೈವ್, ಮೆಟಲ್ ಎರಡನ್ನೂ ಮುಟ್ಟಿಲ್ಲ. ಅಂದ ಹಾಗೆ, ಪ್ರೀಸ್ಟ್‌ನ 1979ರ ಟೋಕಿಯೊ ಲೈವ್ ಆಲ್ಬಮ್‌ನಲ್ಲಿ ಹಾಲ್ಫರ್ಡ್ ದನಿಯನ್ನು ಆಮೇಲೆ ಸ್ಟುಡಿಯೊದಲ್ಲಿ ಮತ್ತೆ ರೆಕಾರ್ಡ್ ಮಾಡಿದ್ದರು. ಅದಕ್ಕೆ ಯಾರೂ 'ಬದಲಿ ದನಿ' ಅನ್ನಲ್ಲ ನೋಡಿ.

ಮುಖ್ಯವಾಗಿ ಯಕ್ಷಗಾನ, ಕಂಪನಿ ನಾಟಕ ಬಲ್ಲವರ ಹತ್ತಿರ ಕೇಳಬೇಕು. ಹೆಸರಾಂತ ಭಾಗವತರು ಮೇಳ ಬಿಟ್ಟು, ಅವರ ಪದಗಳನ್ನೇ ಹೊಸಬರು ವರ್ಷಗಟ್ಟಲೆ ಹಾಡುತ್ತಾ ಹೋದಾಗ, ಚೌಕಿಯಲ್ಲಿ ಅವರನ್ನು ಏನಂತ ಕರೆಯುತ್ತಾರೆ? ಒಂದು ರಾತ್ರಿಗೆ ಬಂದವರಿಗೂ ತಿರುಗಾಟಕ್ಕೇ ಬಂದವರಿಗೂ ಅಲ್ಲಿ ಬೇರೆ ಬೇರೆ ಮಾತು ಇರಲೇಬೇಕು ಅಂತ ನನ್ನ ಅಂದಾಜು. ಗೊತ್ತಿದ್ದವರು ದಯವಿಟ್ಟು ತಿಳಿಸಿ. ಎರಡನೇ ಲೇಖನ 'ಲೈವ್ ಇನ್ ಲಂಡನ್' ಬಗ್ಗೆ. ಅದರ ಮೊದಲ ಸಾಲು ಇನ್ನೂ ಖಾಲಿ ಬಿಟ್ಟಿದ್ದೇನೆ.