ಎರೆಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಹೆಪಟೈಟಿಸ್ ಬಿ ರೋಗಕ್ಕೆ ಮದ್ದು ಹುಡುಕಬಹುದೇ?

ಪ್ರಶ್ನೆ: ವಿದ್ಯಾರ್ಥಿನಿ, ಕಲಬುರಗಿ

ಎಲ್ಲರಿಗೂ ಶರಣು. ನಾನು ಸೂಕ್ಷ್ಮಜೀವಶಾಸ್ತ್ರದ ಎಂ.ಎಸ್ಸಿ. ಅಂತಿಮ ವರ್ಷದಲ್ಲಿದ್ದೇನೆ. ನಮ್ಮ ತೊಗರಿ ಹೊಲದ ಎರೆಮಣ್ಣಿನಿಂದ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಕುಲದವೆಂದು ತೋರುವ 11 ತಳಿಗಳನ್ನು ಬೇರ್ಪಡಿಸಿದ್ದೇನೆ. ಕಳೆದ ವರ್ಷ ರಕ್ತದಾನಕ್ಕೆ ಹೋದಾಗ ನಮ್ಮ ಅಣ್ಣನಿಗೆ ಹೆಪಟೈಟಿಸ್ ಬಿ ಎಂಬ ಯಕೃತ್ತಿನ ವೈರಸ್ ಸೋಂಕು ಇರುವುದು ಗೊತ್ತಾಯಿತು. ಅಂದಿನಿಂದ ಟೆನೊಫೊವಿರ್ ಗುಳಿಗೆಯನ್ನು ಒಂದು ದಿನವೂ ತಪ್ಪಿಸದ ಅವನು, ಇದು ಎಂದಿಗೆ ಮುಗಿಯುತ್ತದೆ ಎಂದು ಕೇಳಿದಾಗ ನನಗೆ ಮಾತು ಹೊರಡಲಿಲ್ಲ. ಈ ತಳಿಗಳ ಸಾರವನ್ನು ಆ ವೈರಸ್ಸಿನ ವಿರುದ್ಧ ಪರೀಕ್ಷಿಸುವುದು ಪ್ರಬಂಧಕ್ಕೆ ತಕ್ಕ ವಿಷಯವೇ, ಇಲ್ಲವೇ ನನ್ನ ಆಸೆ ಮಾತ್ರವೇ?

ಉತ್ತರ: ನಿವೃತ್ತ ಅಧ್ಯಾಪಕ, ಬೀದರ್

ತಾಯಿ, ವಿಷಯ ತಕ್ಕದ್ದೇ, ಹಳೆಯದೂ ಹೌದು. ಸ್ಟ್ರೆಪ್ಟೊಮೈಸಿಸ್ ಆಂಟಿಬಯೋಟಿಕಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ತಯಾರಿಸುವ ವಿಡಾರಬೀನ್ ಎಂಬ ಸಂಯುಕ್ತವನ್ನು 1970ರ ದಶಕದಲ್ಲೇ ದೀರ್ಘಕಾಲದ ಹೆಪಟೈಟಿಸ್ ಬಿ ರೋಗಿಗಳಿಗೆ ಕೊಟ್ಟು ನೋಡಿದ್ದರು. ಕೆಲವರಲ್ಲಿ ವೈರಸ್ ಇಳಿಯಿತಾದರೂ ನರ ಮತ್ತು ಸ್ನಾಯುಗಳ ತೀವ್ರ ನೋವು ಕಾಣಿಸಿಕೊಂಡದ್ದರಿಂದ ಆ ದಾರಿ ಮುಂದೆ ಸಾಗಲಿಲ್ಲ. ಹೆಪಟೈಟಿಸ್ ಸಿ ವೈರಸ್ಸಿನ ವಿಷಯದಲ್ಲಿ ಸೊರಾಂಜಿಯಂ ಎಂಬ ಇನ್ನೊಂದು ಮಣ್ಣಿನ ಬ್ಯಾಕ್ಟೀರಿಯಾ (ಮಿಕ್ಸೊಬ್ಯಾಕ್ಟೀರಿಯಾ ಗುಂಪಿನದು) ತಯಾರಿಸುವ ಸೊರಾಫೆನ್ ಗಮನಾರ್ಹವಾದುದು. ಅದು ವೈರಸ್ಸನ್ನು ಮುಟ್ಟುವುದಿಲ್ಲ, ನಮ್ಮ ಜೀವಕೋಶವು ಕೊಬ್ಬಿನಾಮ್ಲ ತಯಾರಿಸುವ ಕಿಣ್ವವನ್ನೇ ತಡೆಯುತ್ತದೆ. ಕೊಬ್ಬಿನ ಪೊರೆಗಳ ಮೇಲೆ ಕುಳಿತು ಪ್ರತಿಗಳನ್ನು ಮಾಡಿಕೊಳ್ಳುವ ಆ ವೈರಸ್ಸಿಗೆ ಆಗ ನೆಲೆ ಸಿಗುವುದಿಲ್ಲ. ಆದರೆ ಸಿ ರೋಗ ಇಂದು ಸೊಫೊಸ್ಬುವಿರ್ ಮತ್ತು ಅದರ ಜೊತೆಯ ಔಷಧಿಯಿಂದ ಸಾಮಾನ್ಯವಾಗಿ 12 ವಾರಗಳಲ್ಲಿ ಗುಣವಾಗುತ್ತದೆ. ಬಿ ಹಾಗಲ್ಲ: ಯಕೃತ್ತಿನ ಜೀವಕೋಶದ ಕೇಂದ್ರದೊಳಗೆ ಅದರ ಡಿಎನ್ಎ ಒಂದು ಮುಚ್ಚಿದ ಉಂಗುರವಾಗಿ ಕುಳಿತುಬಿಡುತ್ತದೆ. ಹೊಸ ಪ್ರತಿಗಳು ಹುಟ್ಟದಂತೆ ಟೆನೊಫೊವಿರ್ ತಡೆಯುತ್ತದೆಯೇ ಹೊರತು ಆ ಉಂಗುರವನ್ನು ಅಳಿಸುವುದಿಲ್ಲ. ನಿಮ್ಮ ಅಣ್ಣನ ಪ್ರಶ್ನೆ ನಿಂತಿರುವುದು ಅಲ್ಲಿಯೇ.

ಉತ್ತರ: ಸಂಶೋಧಕ, ಕಲಬುರಗಿ

ಗುರುಗಳು ಹೇಳಿದ್ದಕ್ಕೆ ಪ್ರಯೋಗಾಲಯದ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ನಾನು ಇಲ್ಲಿಯೇ ಎಡವಿದ್ದೆ. ಸತ್ತು ಹೋಗುತ್ತಿರುವ ಜೀವಕೋಶ ವೈರಸ್ಸನ್ನೂ ಕಡಿಮೆ ಮಾಡುತ್ತದೆ. ಸ್ಟ್ರೆಪ್ಟೊಮೈಸಿಸ್ ಸಾರಗಳಲ್ಲಿ ಆಕ್ಟಿನೊಮೈಸಿನ್ ಮತ್ತೆ ಮತ್ತೆ ಸಿಗುವ ವಸ್ತು. ಅದು ಡಿಎನ್ಎಯಿಂದ ಆರ್‌ಎನ್‌ಎ ತಯಾರಾಗುವುದನ್ನೇ ನಿಲ್ಲಿಸುವುದರಿಂದ ವೈರಸ್ ಮಾಯವಾದಂತೆ ಕಾಣಿಸುತ್ತದೆ, ನಾವು ಹಿಗ್ಗುತ್ತೇವೆ, ಅದು ಮದ್ದಲ್ಲ. ಆದ್ದರಿಂದ ಪ್ರತಿ ಸಾರಕ್ಕೂ ವೈರಸ್ಸನ್ನು ಅರ್ಧಕ್ಕೆ ಇಳಿಸುವ ಪ್ರಮಾಣವನ್ನು ಅಳೆಯುವ ಮೊದಲೇ ಅರ್ಧದಷ್ಟು ಜೀವಕೋಶಗಳನ್ನು ಕೊಲ್ಲುವ ಪ್ರಮಾಣವನ್ನು ಅಳೆಯಿರಿ. ಎರಡರ ನಡುವೆ ದೊಡ್ಡ ಅಂತರವಿದ್ದರೆ ಮಾತ್ರ ಮುಂದುವರಿಯಿರಿ, ಮತ್ತು ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಈಗಾಗಲೇ ಗೊತ್ತಿರುವ ಹಳೆಯ ವಸ್ತುಗಳನ್ನು ಗುರುತಿಸಿ ಬದಿಗಿಡಿ.

ಜೀವಕೋಶದ ಆಯ್ಕೆಯೂ ಮುಖ್ಯ. ಹೆಪ್‌ಜಿ2.2.15 ಎಂಬ, ಪ್ರಯೋಗಾಲಯದಲ್ಲಿ ಬೆಳೆಸುವ ಯಕೃತ್ತಿನ ಜೀವಕೋಶಗಳ ತಳಿ ತಾನೇ ವೈರಸ್ಸನ್ನು ಉತ್ಪಾದಿಸುತ್ತದೆ, ಆದರೆ ವೈರಸ್ ಒಳಬರುವ ಹಂತವನ್ನು ಅದರಲ್ಲಿ ನೋಡಲಾಗುವುದಿಲ್ಲ. 2012ರಲ್ಲಿ ಪತ್ತೆಯಾದ ಎನ್‌ಟಿಸಿಪಿ ಎಂಬ ಬಾಗಿಲನ್ನು, ಅಂದರೆ ವೈರಸ್ ಒಳಬರಲು ಬಳಸುವ ಜೀವಕೋಶದ ಪ್ರೋಟೀನನ್ನು, ಸೇರಿಸಿದ ತಳಿ ಅದಕ್ಕೆ ಬೇಕು. ಸೋಂಕಿನ ಕೆಲಸವನ್ನು ತಕ್ಕ ಸುರಕ್ಷತೆಯ ವ್ಯವಸ್ಥೆಯಿರುವ ಪ್ರಯೋಗಾಲಯದ ಜೊತೆಗೂಡಿಯೇ ಮಾಡಿ. ನಿಮ್ಮ ಪ್ರಬಂಧ ಸಾರ, ವಿಷತ್ವ ಮತ್ತು ಗುರುತಿಸುವಿಕೆಗಳಲ್ಲಿ ನಿಂತರೂ ಅದು ಪೂರ್ಣ ಕೆಲಸ.

ಉತ್ತರ: ವೈದ್ಯೆ, ಯಾದಗಿರಿ

ತಂಗಿ, ಸಂಶೋಧನೆಯ ಮಾತಿಗಿಂತ ಮೊದಲು ಅಣ್ಣನ ಮಾತು. ಯಾರೋ ಕಾಮಾಲೆಗೆ ಬೇರು ಕೊಟ್ಟರೆಂದು, ಇಲ್ಲವೇ ಮೈ ಹಗುರವಾಯಿತೆಂದು ಟೆನೊಫೊವಿರ್ ನಿಲ್ಲಿಸಿದವರನ್ನು ನಾನು ಪ್ರತಿ ಮಳೆಗಾಲದಲ್ಲೂ ನೋಡುತ್ತೇನೆ; ಔಷಧಿ ಬಿಟ್ಟ ಮೇಲೆ ವೈರಸ್ ಮರುಕಳಿಸಿ ಯಕೃತ್ತು ದಿಢೀರನೆ ಕೆಡಬಹುದು. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಔಷಧಿ ಉಚಿತ. ನೀವು, ಅತ್ತಿಗೆ, ಮಕ್ಕಳು ಎಲ್ಲರೂ ರಕ್ತ ಪರೀಕ್ಷಿಸಿಕೊಂಡಿದ್ದೀರಾ? ಸೋಂಕಿಲ್ಲದವರು ಲಸಿಕೆ ಹಾಕಿಸಿಕೊಳ್ಳಿ. ಆ ವೈರಸ್ಸಿನ ಕೆಲಸಕ್ಕೆ ಕೈ ಹಾಕುವ ಮೊದಲು ನೀವಂತೂ ಹಾಕಿಸಿಕೊಳ್ಳಲೇಬೇಕು.

ಪ್ರಶ್ನೆ ಕೇಳಿದವರು

ಅತ್ತಿಗೆಯ ಪರೀಕ್ಷೆ ಇನ್ನೂ ಆಗಿಲ್ಲ ಅಕ್ಕ, ಈ ಸೋಮವಾರ ಮಗುವಿನೊಡನೆ ಕರೆದುಕೊಂಡು ಹೋಗುತ್ತೇನೆ. 11 ತಳಿಗಳ ವಿಷತ್ವದ ಪರೀಕ್ಷೆಯಿಂದಲೇ ಆರಂಭಿಸುವೆನೆಂದು ಮಾರ್ಗದರ್ಶಕರಿಗೆ ಇಂದೇ ಬರೆಯುತ್ತಿದ್ದೇನೆ.